ಒಂಬತ್ತನೇ ತರಗತಿಯಲ್ಲಿ ನೀತಿಯ ಚರ್ಚೆ: ನಾನು ನಡೆಸುವ ಬಗೆ

ಮೌಲ್ಯ ಶಿಕ್ಷಣದ ಪೀರಿಯಡ್‌ನಲ್ಲಿ ನೀತಿಕಥೆ ಹೇಳಿ ‘ಏನು ಕಲಿತಿರಿ’ ಎಂದು ಕೇಳಿದರೆ, ಹದಿನಾಲ್ಕರ ಮಕ್ಕಳು ಮೇಷ್ಟ್ರಿಗೆ ಬೇಕಾದ ಉತ್ತರ ಒಪ್ಪಿಸಿ ಕೂರುತ್ತಾರೆ. ಆದ್ದರಿಂದ ನಾನು ಎರಡೂ ಕಡೆ ನ್ಯಾಯವಿರುವ ಇಕ್ಕಟ್ಟಿನ ಪ್ರಸಂಗ ಕೊಡುತ್ತೇನೆ. ಜರ್ಮನಿಯ ಮನೋವಿಜ್ಞಾನಿ ಗೇಯೋರ್ಗ್ ಲಿಂಡ್ ರೂಪಿಸಿದ ಚರ್ಚಾ ವಿಧಾನವೇ ಇದಕ್ಕೆ ಆಧಾರ. 90 ನಿಮಿಷ ಬೇಕು, ಹಾಗಾಗಿ ಎರಡು ಪೀರಿಯಡ್ ಒಟ್ಟಿಗೆ ಕೇಳಿ ಪಡೆಯಬೇಕು. ಒಂದೇ ಪೀರಿಯಡ್‌ಗೆ ಮೊಟಕು ಮಾಡಿದರೆ ವಾದ ಕಾವೇರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಪ್ರಸಂಗ ಹತ್ತು ಸಾಲಿದ್ದರೆ ಸಾಕು. ಅದರೊಳಗಿನ ವ್ಯಕ್ತಿ ಆಗಲೇ ನಿರ್ಧಾರ ಮಾಡಿರಬೇಕು. ಉದಾಹರಣೆಗೆ: ಪರೀಕ್ಷಾ ಕೊಠಡಿಯಲ್ಲಿ ಕಾಪಿ ಚೀಟಿ ಸಿಕ್ಕಿದೆ. ಯಾರದೆಂದು ತಿಳಿಯದಿದ್ದರೆ ಇಡೀ ತರಗತಿಗೆ ಮರುಪರೀಕ್ಷೆ. ಚೀಟಿ ತಂದವನು ಮಂಜುವಿನ ಗೆಳೆಯ, ಫೇಲಾದರೆ ಅವನನ್ನು ಶಾಲೆ ಬಿಡಿಸಿ ಗಾರೆ ಕೆಲಸಕ್ಕೆ ಹಾಕುತ್ತಾರೆ. ಮಂಜು ಗೆಳೆಯನ ಹೆಸರು ಹೇಳಿದ. ಅವನು ಮಾಡಿದ್ದು ಸರಿಯೇ? ತರಗತಿಯಲ್ಲಿ ನಿಜಕ್ಕೂ ನಡೆದ ಘಟನೆಯನ್ನು ಎತ್ತಿಕೊಳ್ಳಲೇಬಾರದು. ಅದು ಚರ್ಚೆಯಾಗದೆ ವಿಚಾರಣೆಯಾಗುತ್ತದೆ.

ಎಲ್ಲರೂ ಮೊದಲು ತಮ್ಮ ನಿಲುವು ಬರೆದಿಡಬೇಕು, ಆಮೇಲೆ ಕೈ ಎತ್ತಬೇಕು. ಬರೆಸದಿದ್ದರೆ ಲೀಡರ್ ಕೈ ಎತ್ತಿದ ಕಡೆಗೇ ಅರ್ಧ ತರಗತಿ ವಾಲುತ್ತದೆ. ನಂತರ ಎರಡು ಬಣಗಳನ್ನು ಎದುರುಬದುರು ಕೂರಿಸಿ, ಮೂರು ನಾಲ್ಕು ಮಂದಿಯ ಗುಂಪುಗಳಲ್ಲಿ 10 ನಿಮಿಷ ಕಾರಣಗಳನ್ನು ಕಲೆಹಾಕಿಸಿ, ಸುಮಾರು ಅರ್ಧ ಗಂಟೆ ವಾದಕ್ಕೆ ಬಿಡುತ್ತೇನೆ. ನಿಯಮ ಎರಡೇ. ಏನು ಬೇಕಾದರೂ ಹೇಳಬಹುದು, ಆದರೆ ಮಾತಾಡಿದವರನ್ನು ತೆಗಳಬಾರದು, ಹೊಗಳಲೂಬಾರದು. ಮಾತು ಮುಗಿಸಿದವರೇ ಎದುರು ಬದಿಯಿಂದ ಮುಂದಿನವರನ್ನು ಕರೆಯಬೇಕು. ಬೋರ್ಡಿನ ಮೇಲೆ ಕಾರಣಗಳನ್ನು ಬರೆಯುತ್ತಾ ಮೇಷ್ಟ್ರು ಸುಮ್ಮನಿರುವುದೇ ಕಷ್ಟ. ಒಮ್ಮೆ ತಲೆಯಾಡಿಸಿದರೂ ಮಕ್ಕಳಿಗೆ ‘ಸರಿಯುತ್ತರ’ದ ಸುಳಿವು ಸಿಕ್ಕಿಬಿಡುತ್ತದೆ. ಕೊನೆಗೆ ಪ್ರತಿಯೊಬ್ಬರೂ ಎದುರು ಬಣದ ಅತ್ಯುತ್ತಮ ಕಾರಣವೊಂದನ್ನು ಆರಿಸಿ ಹೇಳಬೇಕು. ನನ್ನ ಮಟ್ಟಿಗೆ ಇಡೀ ಪಾಠದ ಜೀವಾಳ ಇದೇ. ಆಮೇಲೆ ಮತ್ತೊಮ್ಮೆ ಮತ.

ಆದರೆ ಚೆನ್ನಾಗಿ ವಾದಿಸುವವರೆಲ್ಲ ಹಾಗೆಯೇ ನಡೆದುಕೊಳ್ಳುವುದಿಲ್ಲ. ಮನೋವಿಜ್ಞಾನಿ ಅಗಸ್ಟೊ ಬ್ಲಾಸಿ 1980ರಲ್ಲಿ ನೈತಿಕ ಯೋಚನೆ ಮತ್ತು ನಡತೆಯ ಕುರಿತ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಎರಡರ ನಡುವಿನ ಕೊಂಡಿಯಾಗಿ ಅವರು ಮುಂದಿಟ್ಟದ್ದು ‘ನಾನು ಎಂಥ ಮನುಷ್ಯ’ ಎಂಬ ಅರಿವನ್ನು. ಅದಕ್ಕೆಂದೇ ಮರುದಿನ ಹತ್ತು ನಿಮಿಷ ಬರೆಸುತ್ತೇನೆ: ‘ಯಾರೂ ನೋಡದಿದ್ದರೂ ನಾನು ಮಾಡದ ಕೆಲಸ ಯಾವುದು, ಏಕೆ?’ ಆ ನೋಟ್‌ಬುಕ್ಕಿಗೆ ಅಂಕವಿಲ್ಲ, ಒಪ್ಪಿಗೆಯಿಲ್ಲದೆ ನಾನೂ ಓದುವುದಿಲ್ಲ. ಜೊತೆಗೆ ಒಂದು ತಿಂಗಳ ನಿಜವಾದ ಹೊಣೆ: ಬಿಸಿಯೂಟದ ಸಾಲು, ಆಟದ ಸಾಮಾನಿನ ಲೆಕ್ಕ, ಪುಸ್ತಕದ ಬೀರುವಿನ ಕೀಲಿ. ಪುಸ್ತಕ ಕಳೆದರೆ ದಂಡ ಹಾಕಿ ಕೀಲಿ ಕಿತ್ತುಕೊಳ್ಳುವುದಿಲ್ಲ. ಇದರಿಂದ ಯಾರಿಗೆ ತೊಂದರೆಯಾಯಿತು, ಹೇಗೆ ಸರಿಪಡಿಸುತ್ತೀ ಎಂದು ಕೇಳಿ, ಅದನ್ನು ಆ ವಿದ್ಯಾರ್ಥಿಯಿಂದಲೇ ಮಾಡಿಸಿ, ತಿಂಗಳು ಮುಗಿಯುವವರೆಗೂ ಕೀಲಿಯನ್ನು ಅದೇ ಕೈಯಲ್ಲಿ ಬಿಡುತ್ತೇನೆ.