ಮುಯ್ಯಿ ಪುಸ್ತಕದ ಹಾಗೆ ಕ್ರೌಡ್‌ಫಂಡಿಂಗ್

ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಸಾಲಾಗಿ ಬರೆಯುತ್ತಾರೆ. ನಾಳೆ ಅವರ ಮನೆ ಮದುವೆಗೆ ವಾಪಸ್ ಹಾಕಬೇಕಲ್ಲ! ಸ್ಟಾರ್ಟಪ್‌ಗೆ ಜನರಿಂದ ಹಣ ಎತ್ತುವುದೂ, ಅಂದರೆ ಕ್ರೌಡ್‌ಫಂಡಿಂಗ್ ಕೂಡ, ಹೆಚ್ಚುಕಮ್ಮಿ ಇದೇ ಲೆಕ್ಕ.

ದಾವಣಗೆರೆಯ ಯುಬಿಡಿಟಿ ಕಾಲೇಜಿನಲ್ಲಿ ಓದಿದ ಮೂವರು ಮೆಕ್ಕೆಜೋಳದ ತೇವ ಅಳೆಯುವ ಪುಟ್ಟ ಯಂತ್ರ ಮಾಡಿದ್ದಾರೆ ಅಂದುಕೊಳ್ಳಿ. ಮಾದರಿ ರೆಡಿ, ದುಡ್ಡಿಲ್ಲ.

ಮೊದಲು ಮಾರ್ಗದರ್ಶಕರನ್ನು ಹುಡುಕಿ. ಇಬ್ಬರು ಬೇಕು. ಒಬ್ಬರು ಸರ್ಕ್ಯೂಟ್ ಗೊತ್ತಿರುವ ಮೇಷ್ಟ್ರು. ಇನ್ನೊಬ್ಬರು ಎಪಿಎಂಸಿಯಲ್ಲಿ ವರ್ಷಗಟ್ಟಲೆ ಜೋಳ ಕೊಂಡವರು. ಕಾಳು ಬಾಯಿಗೆ ಹಾಕಿ ಕಟುಂ ಅನ್ನಿಸಿ, ‘ಇನ್ನೂ ಎರಡು ಬಿಸಿಲು ಬೇಕು ಕಣಪ್ಪ’ ಅನ್ನುವವರು. ಅವರ ಹಲ್ಲಿನ ಲೆಕ್ಕಕ್ಕೂ ನಿಮ್ಮ ಯಂತ್ರ ತೋರಿಸುವ ಶೇ 14 ತೇವಕ್ಕೂ ತಾಳೆ ಆಗದಿದ್ದರೆ ಹಣ ಎತ್ತುವ ಮಾತೇ ಬೇಡ. ‘ಗೈಡ್ ಮಾಡಿ ಸಾರ್’ ಅಂತ ಸುಮ್ನೆ ಕೇಳಬೇಡಿ. ತಿಂಗಳಿಗೆ ಒಂದು ಗಂಟೆ ಕೇಳಿ, ಒಂದೇ ಪ್ರಶ್ನೆ ಹಿಡಿದು ಹೋಗಿ. ಊರಲ್ಲಿ ಸಿಗದಿದ್ದರೆ ಮಾರ್ಗದರ್ಶಕರನ್ನು ಹುಡುಕಿಕೊಳ್ಳಲು ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾದ ‘ಮಾರ್ಗ್’ ಪೋರ್ಟಲ್ ಇದೆ.

ಆಮೇಲೆ ಕಾನೂನು. ‘ದುಡ್ಡು ಕೊಡಿ, ಷೇರು ಕೊಡುತ್ತೇವೆ’ ಅಂತ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಂತಿಲ್ಲ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಹೀಗೆ ಖಾಸಗಿಯಾಗಿ ಷೇರು ಕೊಡುವುದಕ್ಕೆ ಜಾಹೀರಾತು ಮಾಡಬಾರದು. ಮಿತಿ ವರ್ಷಕ್ಕೆ 200 ಜನ. ನಿಮಗೆ ಸರಿಹೋಗುವುದು ಕ್ರೌಡ್‌ಫಂಡಿಂಗ್ ವೆಬ್‌ಸೈಟಿನಲ್ಲಿ ಪುಟ ತೆರೆದು ಮಾಡುವ ಮುಂಗಡ ಬುಕಿಂಗ್: ಈಗ ದುಡ್ಡು, ಆಮೇಲೆ ಯಂತ್ರ.

ಈಗ ಬೆಲೆ. ಇಲ್ಲೇ ಜಾಸ್ತಿ ಜನ ಎಡವುವುದು. ಬಿಡಿಭಾಗ 1,800 ರೂಪಾಯಿ, ಡಬ್ಬಿ ಮತ್ತು ಜೋಡಣೆ 300, ಕೊರಿಯರ್ 150, ವೆಬ್‌ಸೈಟಿನ ಕಮಿಷನ್ 150 ಅಂತ ಇಟ್ಟುಕೊಂಡರೆ 2,400. ಮೂರು ಸಾವಿರಕ್ಕೆ ನೂರು ಮಾರಿದರೆ 60 ಸಾವಿರ ಉಳಿಯಿತು ಅನ್ನಿಸುತ್ತದೆ. ಹತ್ತು ಯಂತ್ರ ಕೆಟ್ಟು ವಾಪಸ್ ಬಂದು, ಹೊಸದು ಕೊಟ್ಟರೆ 24 ಸಾವಿರ ಹೋಯಿತು. ಕೈಯಲ್ಲಿ ಉಳಿದದ್ದು 36 ಸಾವಿರ. ಮೂವರ ಸಂಬಳ ಇನ್ನೂ ಲೆಕ್ಕಕ್ಕೇ ಬಂದಿಲ್ಲ, ಅಲ್ವಾ?

ವೆಬ್‌ಸೈಟಿನ ನಿಯಮ ಪೂರ್ತಿ ಓದಿ. ಕೆಲವು ಕಡೆ ನೀವು ಹೇಳಿದ ಮೊತ್ತದ ಗುರಿ ಮುಟ್ಟದಿದ್ದರೆ ಒಂದು ಪೈಸೆಯೂ ಸಿಗುವುದಿಲ್ಲ. ಪುಟ ತೆರೆಯುವ ಮೊದಲೇ ಇಪ್ಪತ್ತು ಜನರ ಹತ್ತಿರ ‘ಹ್ಞೂಂ’ ಅನ್ನಿಸಿಕೊಂಡಿರಿ. ಮೊದಲ ದಿನ ಸೊನ್ನೆ ಕಂಡರೆ ಅಪರಿಚಿತರು ದುಡ್ಡು ಹಾಕುವುದಿಲ್ಲ. ಪುಟಕ್ಕೆ ಹಾಕುವ ವಿಡಿಯೊ ಎರಡು ನಿಮಿಷ ಸಾಕು. ಸ್ಟುಡಿಯೊ ಬೇಡ, ಕಣದಲ್ಲೇ ರಾಶಿ ಪಕ್ಕ ನಿಂತು ತೆಗೆಯಿರಿ. ಜೊತೆಗೆ ರಾಜ್ಯ ಸರ್ಕಾರ ಸ್ಟಾರ್ಟಪ್‌ಗಳಿಗೆ ಕೊಡುವ ‘ಎಲಿವೇಟ್’ ಅನುದಾನಕ್ಕೆ ಅರ್ಜಿ ಕರೆದಾಗ ಹಾಕಿ. ಮುಂಗಡ ಕೊಟ್ಟವರ ಪಟ್ಟಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ಹಣ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಹೆಸರು, ಕೊಟ್ಟ ಹಣ, ಯಂತ್ರ ತಲುಪಿದ ತಾರೀಖು. ತಡ ಆಗುವುದು ಗೊತ್ತಾದ ದಿನವೇ ‘ಸೆನ್ಸರ್ ಬಂದಿಲ್ಲ ಅಣ್ಣಾ, ಹದಿನೈದು ದಿನ ಬೇಕು, ನಿಮ್ಮದು 43ನೇ ನಂಬರ್’ ಅಂತ ಮೆಸೇಜ್ ಹಾಕಿ. ಅವರು ಫೋನ್ ಮಾಡಿದರೆ ಎತ್ತಿ.