ಕಿಟ್ ಮುಗಿದ ಮೇಲೆ ಆ ಡಬ್ಬ ಏನು ಮಾಡೋದು?

ಮಾಡೆಲ್ ಕಿಟ್, ಅಂದರೆ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿ ಮಾಡುವ ಪುಟ್ಟ ವಿಮಾನ, ಯುದ್ಧದ ಟ್ಯಾಂಕ್ ಇಂಥವನ್ನು ಜೋಡಿಸುವ ಯಾರನ್ನಾದರೂ ಕೇಳಿ, ಖಾಲಿ ಡಬ್ಬ ಬಿಸಾಡೋಕೆ ಮನಸ್ಸು ಬರಲ್ಲ ಅಂತಾರೆ. ನನಗೂ ಹಾಗೇ. 2008ರಲ್ಲಿ ನನ್ನ ತಮ್ಮ ಬೆಂಗಳೂರಿನಿಂದ ಏರ್‌ಫಿಕ್ಸ್ ಕಂಪನಿಯ ಒಂದು ಸ್ಪಿಟ್‌ಫೈರ್ ವಿಮಾನದ ಕಿಟ್ ತಂದುಕೊಟ್ಟ. 1:72 ಅಳತೆಯದು, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು. ಜೋಡಿಸಿದ ಮೇಲೆ ಅಂಗೈ ಮೇಲೆ ಕೂರುವಷ್ಟು ಆಯಿತು. ವಿಮಾನ ಶೋಕೇಸ್‌ಗೆ ಹೋಯಿತು. ಡಬ್ಬ ಅಟ್ಟಕ್ಕೆ ಹೋಯಿತು. ಆಮೇಲೆ ಇನ್ನೊಂದು, ಮತ್ತೊಂದು. ಆರು ವರ್ಷದಲ್ಲಿ ಕುವೆಂಪುನಗರದ ನಮ್ಮ ಮನೆಯ ಅಟ್ಟದಲ್ಲಿ ನಲವತ್ತಕ್ಕೂ ಜಾಸ್ತಿ ಖಾಲಿ ಡಬ್ಬ ಸೇರಿದ್ದವು.

ಯಾಕೆ ಇಟ್ಟುಕೊಳ್ಳುತ್ತೇವೆ ಅಂದರೆ, ಮೊದಲನೆಯದು ಚಿತ್ರ. ಏರ್‌ಫಿಕ್ಸ್‌ಗೆ 1964ರಿಂದ ಸುಮಾರು ಹತ್ತು ವರ್ಷ ರಾಯ್ ಕ್ರಾಸ್ ಅನ್ನುವ ಕಲಾವಿದರು ಡಬ್ಬದ ಚಿತ್ರ ಬರೆದರು. ಅವರ ವಿಮಾನಗಳು ಸುಮ್ನೆ ನಿಂತಿರುವುದಿಲ್ಲ. ಮೋಡ ಸೀಳಿಕೊಂಡು ನಮ್ಮ ಕಡೆಗೇ ಬರುತ್ತಿರುತ್ತವೆ. ಜಪಾನಿನ ಟಮಿಯಾದ್ದು ಬೇರೆ ರೀತಿ. ಅವರ ಎಷ್ಟೋ ಡಬ್ಬಗಳಲ್ಲಿ ಹಿನ್ನೆಲೆ ಪೂರ್ತಿ ಬಿಳಿ, ನಡುವೆ ಟ್ಯಾಂಕ್ ಒಂದೇ. ಟಮಿಯಾ 1946ರಲ್ಲಿ ಶಿಜುವೊಕಾ ಊರಲ್ಲಿ ಮರದ ವ್ಯಾಪಾರವಾಗಿ ಶುರುವಾದ ಕಂಪನಿ. 1960ರಲ್ಲಿ ಮೊದಲ ಪ್ಲಾಸ್ಟಿಕ್ ಕಿಟ್ ಆಗಿ ಯಮಾಟೊ ಯುದ್ಧನೌಕೆ ಮಾಡಿದರು. ಅದು ಕೈ ಹಿಡಿಯಲಿಲ್ಲ. ಆಮೇಲೆ ತಂದ ಪ್ಯಾಂಥರ್ ಟ್ಯಾಂಕ್ ಕೈ ಹಿಡಿಯಿತು. ಅದರ ಡಬ್ಬಕ್ಕೆ ಚಿತ್ರ ಬರೆದವರು ಶಿಗೆರು ಕೊಮಾತ್ಸುಝಾಕಿ. ಅಂಗಡಿಯಲ್ಲಿ ಕಿಟ್ ಒಳಗೆ ಏನಿದೆ ಅಂತ ಕಾಣುವುದಿಲ್ಲ, ಕಾಣುವುದು ಮುಚ್ಚಳ ಮಾತ್ರ. ಅದನ್ನು ನೋಡಿಯೇ ನಾವು ಕೊಂಡಿರುತ್ತೇವೆ. ಆ ಚಿತ್ರವನ್ನು ಕಸಕ್ಕೆ ಹಾಕೋದು ಹೇಗೆ?

2014ರ ಮಳೆಗಾಲದಲ್ಲಿ ಅಟ್ಟದ ಮೂಲೆಯಲ್ಲಿ ಗೋಡೆ ಒದ್ದೆಯಾಯಿತು. ನನಗೆ ಗೊತ್ತಾಗುವಷ್ಟರಲ್ಲಿ ಕೆಳಗಿನ ಹನ್ನೊಂದು ಡಬ್ಬ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಒಂದರ ಚಿತ್ರ ಇನ್ನೊಂದರ ಬೆನ್ನಿಗೆ ಕಿತ್ತು ಬಂತು. ಪುಸ್ತಕಗಳಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳ ಉಳಿದವುಗಳ ಅಂಚು ತಿಂದಿತ್ತು. ಆ ಮೊದಲ ಸ್ಪಿಟ್‌ಫೈರ್ ಡಬ್ಬವೂ ಅದರಲ್ಲೇ ಹೋಯಿತು. ಅವತ್ತು ತುಂಬಾ ಬೇಜಾರಾಯಿತು. ಇಷ್ಟು ಇಷ್ಟಪಟ್ಟು ಇಟ್ಟುಕೊಂಡದ್ದನ್ನು ಆರು ವರ್ಷ ನಾನು ಒಮ್ಮೆಯೂ ಕೆಳಗಿಳಿಸಿ ನೋಡಿರಲಿಲ್ಲ.

ಆಮೇಲಿಂದ ಖಾಲಿ ಡಬ್ಬ ಹಾಗೇ ಅಟ್ಟಕ್ಕೆ ಹೋಗುವುದಿಲ್ಲ. ಕಿಟ್ ಮುಗಿದ ವಾರವೇ ಅದಕ್ಕೆ ಒಂದು ದಾರಿ ತೋರಿಸುತ್ತೇನೆ.

ಚಿಕ್ಕ ಡಬ್ಬಗಳ ಮುಚ್ಚಳ ಕತ್ತರಿಸಿ ಚಿತ್ರವನ್ನು ಫೈಲಿಗೆ ಹಾಕುತ್ತೇನೆ. ಇದಕ್ಕೆ ಒಂದು ಸ್ಟೀಲ್ ಸ್ಕೇಲ್, ಹೊಸ ಬ್ಲೇಡ್ ಹಾಕಿದ ಕಟ್ಟರ್, ಕೆಳಗೆ ಹಾಸಲು ಒಂದು ದಪ್ಪ ರಟ್ಟು ಸಾಕು. ಮುಚ್ಚಳವನ್ನು ಮಗುಚಿ, ಚಿತ್ರ ಕೆಳಗೆ ಬರುವಂತೆ ಇಡಿ. ಒಳಗಡೆಯಿಂದ ಮಡಿಕೆಯ ಗುಂಟ ಕತ್ತರಿಸಿ. ಹೊರಗಡೆಯಿಂದ ಕತ್ತರಿಸಿದರೆ ಸ್ಕೇಲ್ ಜಾರಿ ಚಿತ್ರದ ಮೇಲೆ ಗೀರು ಬೀಳುತ್ತದೆ, ನನ್ನ ಎರಡು ಚಿತ್ರ ಹಾಗೇ ಹಾಳಾದವು. ಒಂದೇ ಸಲಕ್ಕೆ ಒತ್ತಿ ಎಳೆಯಬೇಡಿ. ಮೊದಲ ಸಲ ಹಗುರವಾಗಿ ಗೆರೆ ಬಿಡಿ, ಎರಡನೇ ಸಲ ಅದೇ ಗೆರೆಯಲ್ಲಿ ಸ್ವಲ್ಪ ಒತ್ತಿ, ಮೂರನೇ ಸಲಕ್ಕೆ ಅದಾಗಿಯೇ ಬಿಟ್ಟುಕೊಳ್ಳುತ್ತದೆ. ಬ್ಲೇಡ್ ಹಳೆಯದಾಗಿದ್ದರೆ ಹೊರಗಿನ ಬಣ್ಣದ ಕಾಗದ ಅಂಚಿನಲ್ಲಿ ಎಳೆ ಎಳೆಯಾಗಿ ಏಳುತ್ತದೆ.

ಪಕ್ಕದ ಪಟ್ಟಿಯನ್ನೂ ಬಿಸಾಡಬೇಡಿ. ಎಷ್ಟೋ ಡಬ್ಬಗಳಲ್ಲಿ ಬಣ್ಣದ ನಂಬರ್‌ಗಳು ಅಲ್ಲೇ ಇರುತ್ತವೆ. ಸ್ಪಿಟ್‌ಫೈರ್‌ನ ಮಣ್ಣು ಬಣ್ಣಕ್ಕೆ ಹಂಬ್ರಾಲ್ ಕಂಪನಿಯ ಬಣ್ಣ ನಂಬರ್ 29, ಕಡು ಹಸಿರಿಗೆ ಹಂಬ್ರಾಲ್ 30 ಅಂತ ನನಗೆ ಬಾಯಿಪಾಠ ಆದದ್ದು ಅಂಥ ಪಟ್ಟಿಗಳಿಂದಲೇ. ಚಿತ್ರ, ಪಕ್ಕದ ಪಟ್ಟಿ, ಜೋಡಣೆಯ ಹಾಳೆ, ಉಳಿದ ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಗುರುತು, ನಂಬರ್‌ಗಳ ಹಾಳೆ) ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕುತ್ತೇನೆ. ಒಂದು ಕವರ್ ಅಂದರೆ ಒಂದು ಕಿಟ್. 1:72ರ ಚಿಕ್ಕ ವಿಮಾನಗಳ ಚಿತ್ರ ಎ4 ಫೈಲಿಗೆ ಸರಿಹೋಗುತ್ತವೆ. ಅದಕ್ಕಿಂತ ದೊಡ್ಡವಕ್ಕೆ ಮಕ್ಕಳ ಡ್ರಾಯಿಂಗ್ ಫೈಲ್ ತರುತ್ತೇನೆ, ಎ3 ಅಳತೆಯದು. ಈಗ ಮೂರು ಫೈಲ್ ಆಗಿವೆ. ಬೇಕೆಂದಾಗ ತೆಗೆದು ನೋಡಬಹುದು, ಮನೆಗೆ ಬಂದ ಮಕ್ಕಳು ಹಾಳೆ ತಿರುವುತ್ತಾ ಕೂರುತ್ತಾರೆ.

ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬಾರದಾ ಅಂತ ಕೇಳುತ್ತಾರೆ. ಹಾಕಬಹುದು, ಬಿಸಿಲು ಬೀಳದ ಗೋಡೆ ನೋಡಿಕೊಂಡು. ನಾನು ಒಂದನ್ನು ಹಾಲ್‌ನಲ್ಲಿ ಪಶ್ಚಿಮದ ಕಿಟಕಿಗೆ ಎದುರಾಗಿ ಹಾಕಿದ್ದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕೆಂಪು, ಹಳದಿ ಎಲ್ಲ ಹೋಗಿ ಚಿತ್ರ ಪೂರ್ತಿ ನೀಲಿಗೆ ತಿರುಗಿತು.

ಕತ್ತರಿಸಬಾರದ ಡಬ್ಬಗಳೂ ಇವೆ. ಕಿಟ್ ತುಂಬಾ ಹಳೆಯದು, ಈಗ ಸಿಗಲ್ಲ ಅನ್ನುವಂಥದ್ದಾದರೆ ಹಾಗೇ ಇಡಿ. ಹಳೇ ಕಿಟ್ ಸಂಗ್ರಹಿಸುವವರು ಖಾಲಿ ಡಬ್ಬವನ್ನೂ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಮುಚ್ಚಳ ಹೋದ ಮೇಲೆ ಉಳಿಯುವ ತಳದ ತಟ್ಟೆ ನನಗೆ ದಿನಾ ಬೇಕಾಗುವ ಸಾಮಾನು. ಕಿಟ್‌ನ ಭಾಗಗಳು ಸ್ಪ್ರೂ ಅನ್ನುವ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಒಂದೊಂದನ್ನೇ ಕತ್ತರಿಸಿ ತೆಗೆಯಬೇಕು. ಅಕ್ಕಿ ಕಾಳಿನಷ್ಟು ಚಿಕ್ಕ ಭಾಗ ಕತ್ತರಿಸುವಾಗ ಟಣ್ ಅಂತ ಹಾರಿ ಎಲ್ಲೋ ಹೋಗಿಬಿಡುತ್ತದೆ. ಆಮೇಲೆ ಟಾರ್ಚ್ ಹಿಡಿದು ನೆಲ ಎಲ್ಲ ಹುಡುಕಬೇಕು. ಈಗ ಡಬ್ಬದ ತಟ್ಟೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೈ ಅದರೊಳಗೆ ಇಟ್ಟೇ ಕತ್ತರಿಸುತ್ತೇನೆ. ಹಾರಿದ್ದು ಅದರ ಗೋಡೆಗೆ ಬಡಿದು ಅಲ್ಲೇ ಬೀಳುತ್ತದೆ. ಕೆಲಸ ಅರ್ಧಕ್ಕೆ ನಿಂತರೆ ತಟ್ಟೆ ಸಮೇತ ಬೀರು ಒಳಗೆ ಇಟ್ಟರಾಯಿತು.

ತುದಿಯಲ್ಲಿ ಕಿವಿ ಬಿಚ್ಚಿ ತೆಗೆಯುವ ತೆಳು ಡಬ್ಬಗಳು ನನಗೆ ಇಷ್ಟ ಇಲ್ಲ. ಒಂದು ಸಲ ತೆಗೆದರೆ ಮತ್ತೆ ನೆಟ್ಟಗೆ ಮುಚ್ಚಲ್ಲ, ಭಾಗಗಳು ಜಾರಿ ಬೀಳುತ್ತವೆ. ಅವುಗಳ ಒಂದು ಮಗ್ಗುಲು ಕತ್ತರಿಸಿ ನಿಲ್ಲಿಸಿದರೆ ಸ್ಪ್ರೇ ಹೊಡೆಯುವಾಗ ಬಣ್ಣ ಗೋಡೆಗೆ ತಾಗದ ಹಾಗೆ ಮರೆಯಾಗುತ್ತದೆ. ಉಳಿದ ರಟ್ಟನ್ನು ವಿಸಿಟಿಂಗ್ ಕಾರ್ಡಿನಷ್ಟು ತುಂಡು ಮಾಡಿ ಇಟ್ಟಿರುತ್ತೇನೆ. ಅರಾಲ್ಡೈಟ್ ಅಂಟು ಕಲಸುವುದಕ್ಕೆ, ಬಣ್ಣ ಹಚ್ಚಿ ನೋಡುವುದಕ್ಕೆ ಬೇಕಾಗುತ್ತದೆ.

ಇನ್ನು ದೊಡ್ಡ ಡಬ್ಬಗಳು. 1:35ರ ಟ್ಯಾಂಕ್, 1:48ರ ವಿಮಾನ ಬರುವಂಥವು. ಇವುಗಳ ತಳ ಬೇರೆ, ಮುಚ್ಚಳ ಬೇರೆ, ಮುಚ್ಚಳ ತಳದ ಮೇಲೆ ಪೂರ್ತಿ ಕೂರುತ್ತದೆ. ಹಾಗಾಗಿ ಸುತ್ತಲೂ ಎರಡು ಪದರ ರಟ್ಟು ಸಿಗುತ್ತದೆ, ತುಂಬಾ ಗಟ್ಟಿ. ಇವನ್ನು ಏನು ಮಾಡೋದು ಅಂತ ನನಗೆ ಹೊಳೆದಿರಲಿಲ್ಲ. ಹೇಳಿಕೊಟ್ಟವರು ನಮ್ಮತ್ತೆ.

ನಮ್ಮ ಮನೆಯಲ್ಲಿ ದಸರಾಗೆ ಗೊಂಬೆ ಕೂರಿಸುತ್ತೇವೆ. ಪಟ್ಟದ ಗೊಂಬೆಗೆ ಹಳೇ ಮರದ ಪೆಟ್ಟಿಗೆ ಇದೆ. ಉಳಿದ ಚಿಕ್ಕ ಗೊಂಬೆಗಳು ಒಂದು ತುಕ್ಕು ಹಿಡಿದ ಟ್ರಂಕಿನಲ್ಲಿ ಒಂದರ ಮೇಲೊಂದು ಇರುತ್ತಿದ್ದವು. ಪ್ರತಿ ವರ್ಷ ಒಂದೆರಡರ ಮೂಗೋ ಬೆರಳೋ ಮುರಿಯುತ್ತಿತ್ತು. 2016ರಲ್ಲಿ ಹೊಸ ಟ್ರಂಕ್ ತರೋಣ ಅಂತ ನಾನು ಅಂದೆ. ಅತ್ತೆ ನನ್ನ ಮೇಜಿನ ಕೆಳಗೆ ನೋಡಿದರು. "ಇಷ್ಟು ಗಟ್ಟಿ ಡಬ್ಬ ಇಟ್ಕೊಂಡು ಹೊಸ ಟ್ರಂಕ್ ಯಾಕಮ್ಮ? ಒಂದೊಂದು ಜೊತೆಗೆ ಒಂದೊಂದು ಡಬ್ಬ ಆಗುತ್ತಲ್ಲ."

ಆಯಿತು. ಆರು ಇಂಚಿನ ಗೊಂಬೆಯನ್ನು ಹಳೇ ಪಂಚೆ ತುಂಡಿನಲ್ಲಿ ಸುತ್ತಿ ಮಲಗಿಸಿದರೆ ಟ್ಯಾಂಕ್ ಡಬ್ಬದಲ್ಲಿ ನಾಲ್ಕೈದು ಹಿಡಿಯುತ್ತವೆ. ನಡುವೆ ರಟ್ಟಿನ ಅಡ್ಡಗೋಡೆ ಹಾಕಿದ್ದೇನೆ, ಒಂದಕ್ಕೊಂದು ತಾಗಲ್ಲ. ಡಬ್ಬದ ಮಗ್ಗುಲಲ್ಲಿ ಅತ್ತೆಯೇ ಚೀಟಿ ಬರೆದು ಅಂಟಿಸಿದರು: ಶೆಟ್ಟರ ಅಂಗಡಿ, ಮದುವೆ ದಿಬ್ಬಣ, ವಾದ್ಯದವರು.

ದಸರಾ ಬಂದಾಗ ಗೊಂಬೆ ಹೊರಗೆ, ಡಬ್ಬ ಮತ್ತೆ ಖಾಲಿ. ಆ ಖಾಲಿ ಡಬ್ಬಗಳೇ ಮೇಲಿನ ಎರಡು ಮೆಟ್ಟಿಲಾಗುತ್ತವೆ. ಮೊದಲ ವರ್ಷ ಸುಮ್ನೆ ಜೋಡಿಸಿ ಮೇಲೆ ಬಟ್ಟೆ ಹಾಸಿದ್ದೆ. ಎರಡನೇ ದಿನ ಮುಚ್ಚಳದ ನಡುವೆ ತಗ್ಗಾಗಿ ಶೆಟ್ಟರು ಅಂಗಡಿ ಸಮೇತ ವಾಲಿಕೊಂಡರು. ಡಬ್ಬದ ಅಂಚು ಭಾರ ಹೊರುತ್ತದೆ, ನಡುವಿನ ಭಾಗ ಹೊರುವುದಿಲ್ಲ. ಈಗ ಹಳೇ ಪೇಪರನ್ನು ಬಿಗಿಯಾಗಿ ಸುರುಳಿ ಸುತ್ತಿ, ಡಬ್ಬದ ಒಳಗಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಒಂದೊಂದು ಡಬ್ಬದಲ್ಲಿ ಆರು ಕಂಬ ನಿಲ್ಲಿಸುತ್ತೇನೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಎರಡು. ಸಾಲಿನ ಉದ್ದಕ್ಕೂ ಒಂದು ಪ್ಲೈವುಡ್ ಹಲಗೆ ಇಟ್ಟರೆ ಭಾರ ಎಲ್ಲ ಕಡೆ ಹಂಚಿಹೋಗುತ್ತದೆ. ಒಂದು ಡಬ್ಬ ಸ್ವಲ್ಪ ಗಿಡ್ಡ ಇದ್ದರೆ ಆ ತೆಳು ಡಬ್ಬಗಳ ರಟ್ಟು ಮಡಚಿ ಕೆಳಗೆ ಕೊಡುತ್ತೇನೆ. ಮೇಲೆ ಬಿಳಿ ಪಂಚೆ. ಆಮೇಲೆ ಒಂದು ವರ್ಷವೂ ವಾಲಿಲ್ಲ.

ಒಂದು ತಪ್ಪು ಮಾತ್ರ ಎಲ್ಲರಿಗೂ ಹೇಳಬೇಕು. ಎರಡನೇ ವರ್ಷ ಗೊಂಬೆ ಎತ್ತಿಡುವಾಗ ಅತ್ತೆ ಎಲ್ಲಾ ಡಬ್ಬಕ್ಕೂ ನುಸಿ ಗುಳಿಗೆ ಹಾಕಿದರು. ಅದರಲ್ಲಿ ಒಂದು ಡಬ್ಬದಲ್ಲಿ ನಾನು ಜೋಡಿಸಿದ ಹರಿಕೇನ್ ವಿಮಾನ ಇತ್ತು, ಶೋಕೇಸ್‌ನಲ್ಲಿ ಜಾಗ ಇಲ್ಲ ಅಂತ ಇಟ್ಟಿದ್ದೆ. ಎಂಟು ತಿಂಗಳು ಬಿಟ್ಟು ತೆಗೆದರೆ ಗುಳಿಗೆ ರೆಕ್ಕೆಗೆ ಅಂಟಿಕೊಂಡಿತ್ತು. ಕಿತ್ತರೆ ಕೆಳಗೆ ಹೆಬ್ಬೆರಳಿಟ್ಟು ಒತ್ತಿದಂಥ ಗುಳಿ, ಸುತ್ತ ಬಣ್ಣ ಸುಕ್ಕುಗಟ್ಟಿತ್ತು. ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅತ್ತೆಯ ತಪ್ಪಲ್ಲ, ಹೇಳಬೇಕಾಗಿದ್ದವಳು ನಾನು. ಈಗ ಎಲ್ಲಾ ಡಬ್ಬಕ್ಕೂ ಒಣಗಿದ ಬೇವಿನ ಸೊಪ್ಪು, ಒಂದು ತುಂಡು ಬಜೆ. ವರ್ಷಕ್ಕೆ ಎರಡು ಸಲ ಬದಲಾಯಿಸುತ್ತೇನೆ. ಅಟ್ಟದಲ್ಲೂ ನೆಲಕ್ಕೆ ತಾಗಿಸದೆ ಎರಡು ಮರದ ರೀಪರ್ ಪಟ್ಟಿ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಬಿಳಿ ಟಮಿಯಾ ಡಬ್ಬವನ್ನು ಬೇಕಂತಲೇ ಗೋಡೆ ಕಡೆಗೆ ಇಡುತ್ತೇನೆ. ತೇವ ಬಂದರೆ ಮೊದಲು ಅದರ ಮೇಲೆ ಹಳದಿ ಕಲೆ ಕಾಣುತ್ತದೆ.

ದೊಡ್ಡ ಡಬ್ಬದ ಮುಚ್ಚಳದ ಒಳಗಡೆ ಪೆನ್ಸಿಲ್‌ನಲ್ಲಿ ಬರೆದಿಡುವುದೂ ರೂಢಿಯಾಗಿದೆ. ಶುರು ಮಾಡಿದ ದಿನ, ಮುಗಿದ ದಿನ, ಬಣ್ಣ ಬೆರೆಸಿದ ಲೆಕ್ಕ. "ಬಿಳಿ ಆರು ತೊಟ್ಟು, ನೀಲಿ ಒಂದು, ಕಪ್ಪು ಅರ್ಧ" ಅಂತ ಎಡ್ವಾರ್ಡ್ ಕಂಪನಿಯ 1:48 ಮಿಗ್-21ರ ಮುಚ್ಚಳದಲ್ಲಿದೆ. ನಮ್ಮ ವಾಯುಪಡೆಯ ಆ ತಿಳಿ ಬೂದು ಬಣ್ಣ ಬರೋವರೆಗೆ ನಾಲ್ಕು ಸಂಜೆ ಬೆರೆಸಿದ್ದೆ. ವಿಮಾನದ ಹೊಟ್ಟೆಗೆ ಸ್ವಲ್ಪ ಬೇರೆ ಬಣ್ಣ ಬೇಕಾಗಿತ್ತು, ಅದರ ಲೆಕ್ಕವೂ ಕೆಳಗಿದೆ.

2025ರ ದಸರಾದಲ್ಲಿ ಆ ಡಬ್ಬ ಎರಡನೇ ಮೆಟ್ಟಿಲ ಹಲಗೆಯ ಕೆಳಗಿತ್ತು. ಗೊಂಬೆ ಕೂರಿಸಿದ ಐದನೇ ದಿನ, ಸೆಪ್ಟೆಂಬರ್ 26ಕ್ಕೆ, ಚಂಡೀಗಢದಲ್ಲಿ ಮಿಗ್-21ಕ್ಕೆ ವಾಯುಪಡೆಯವರು ಬೀಳ್ಕೊಡುಗೆ ಮಾಡಿದರು. 1963ರಿಂದ ಹಾರಿದ ವಿಮಾನ. ಟಿವಿಯಲ್ಲಿ ನೋಡುತ್ತಾ ಅತ್ತೆ, "ನೀನು ಮಾಡಿದ್ದು ಇದೇ ಅಲ್ವಾ? ತಗೊಂಡು ಬಾ, ಇವತ್ತು ಅದೂ ಕೂರಲಿ" ಅಂದರು. ಗೊಂಬೆ ಮೆಟ್ಟಿಲುಗಳ ಕೆಳಗೆ ರಾಗಿ ಪೈರು ಬೆಳೆಸಿದ ಪುಟ್ಟ ಪಾರ್ಕ್ ಇತ್ತು. ಅದರ ಪಕ್ಕದ ಮರಳಿನ ದಾರಿಯ ಮೇಲೆ ಇಟ್ಟೆ. ಆರತಿ ಮಾಡುವಾಗ ಅದಕ್ಕೂ ಒಂದು ಹೂವು ಬಿತ್ತು.

ವಿಜಯದಶಮಿ ಕಳೆದು ಗೊಂಬೆ ಎತ್ತಿಡುವಾಗ ಆ ಮುಚ್ಚಳ ತಿರುವಿ, ಮುಗಿದ ದಿನಾಂಕದ ಕೆಳಗೆ 26-9-2025 ಅಂತ ಇನ್ನೊಂದು ಸಾಲು ಬರೆದೆ. ಈಗ ಅದರೊಳಗೆ ದಶಾವತಾರದ ಮೊದಲ ಐದು ಗೊಂಬೆ ಮಲಗಿವೆ. ಉಳಿದ ಐದು ಪಕ್ಕದ ಟ್ಯಾಂಕ್ ಡಬ್ಬದಲ್ಲಿ.