ಕೈಗೆ ಸಿಕ್ಕಿದ್ದೇ ಇಷ್ಟವಾಯಿತು

ಯಾವ ಪ್ರೋಗ್ರಾಮಿಂಗ್ ಭಾಷೆ ಇಷ್ಟ ಅಂತ ಕೇಳಿದರೆ ಕಂಪ್ಯೂಟರ್ ಸೈನ್ಸ್ ಓದುವವರು ವೇಗ, ಸಿಂಟ್ಯಾಕ್ಸ್ (ಬರೆಯುವ ವ್ಯಾಕರಣ) ಅಂತೆಲ್ಲ ಕಾರಣ ಕೊಡುತ್ತಾರೆ. ನನ್ನ ವಿಷಯದಲ್ಲಿ ಇಷ್ಟ ಮೊದಲು ಬಂತು, ಕಾರಣ ಆಮೇಲೆ ಸಿಕ್ಕಿತು.

ಓದಿದ್ದು ವಿಟಿಯು ಅಡಿಯ ಒಂದು ಕಾಲೇಜಿನಲ್ಲಿ. ಮೊದಲ ವರ್ಷದ ಲ್ಯಾಬಿನಲ್ಲಿ ಟರ್ಬೊ ಸಿ, ಅಂದರೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಓಡಿಸುವ ಹಳೆಯ ಡಾಸ್ ಕಾಲದ ಸಾಫ್ಟ್‌ವೇರ್, ಅದೇ ನೀಲಿ ಪರದೆ. ಹೊಸ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದಿಲ್ಲ, ಹಳೆಯ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸ್ ಅನ್ನೋ ಸಾಫ್ಟ್‌ವೇರ್ ಒಳಗೆ ಕೂರಿಸಿದ್ದರು. ಸೀನಿಯರ್ ಒಬ್ಬರ ಪೆನ್‌ಡ್ರೈವ್‌ನಿಂದ ನಾನೂ ಮನೆಯಲ್ಲಿ ಅದನ್ನೇ ಹಾಕಿಕೊಂಡೆ. ಬೇರೆ ಏನಾದರೂ ಹಾಕಿಕೊಂಡರೆ ಡೌಟ್ ಬಂದಾಗ ಯಾರನ್ನು ಕೇಳೋದು, ಅಲ್ವಾ?

ಅದರಲ್ಲಿ ಫ್ಯಾಕ್ಟೋರಿಯಲ್ (1ರಿಂದ ಒಂದು ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸಿದ್ದು) ಪ್ರೋಗ್ರಾಂ ಬರೆದರೆ 7ಕ್ಕೆ 5040 ಸರಿಯಾಗಿ ಬರುತ್ತಿತ್ತು, 8ಕ್ಕೆ 40320 ಬರಬೇಕಾದ ಜಾಗದಲ್ಲಿ -25216. ಅಲ್ಲಿ ಇಂಟ್, ಅಂದರೆ ಪೂರ್ಣಾಂಕ ಇಡುವ ಜಾಗ, 16 ಬಿಟ್ ಮಾತ್ರ, 32767 ದಾಟಿದರೆ ಲೆಕ್ಕ ಮೈನಸ್‌ಗೆ ಹೊರಳುತ್ತದೆ. ಮುಂದೆ ಲ್ಯಾಬಿಗೆ ಉಬುಂಟು ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಬಂತು, ಜಿಸಿಸಿ ಅನ್ನೋ ಸಿ ಕಂಪೈಲರ್ ಬಂತು. ಇಂಟ್ 32 ಬಿಟ್ ಆಯಿತು, ಲೆಕ್ಕ 12ರವರೆಗೆ ಹೋಗಿ 13ಕ್ಕೆ ಮತ್ತೆ ಕೆಟ್ಟಿತು.

ಉಬುಂಟುವಿನಲ್ಲಿ ಪೈಥಾನ್ ಭಾಷೆ ಮೊದಲೇ ಇತ್ತು. ಲ್ಯಾಬ್ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ ಇನ್‌ಸ್ಟಾಲ್ ಮಾಡೋಕೆ ಅಡ್ಮಿನ್ ಪಾಸ್‌ವರ್ಡ್ ಹಾಕಿಕೊಡಿ ಅಂತ ಬೇಡಿಕೊಳ್ಳುವ ಕೆಲಸವಿಲ್ಲ. (ಇದು ಎಷ್ಟು ದೊಡ್ಡ ವಿಷಯ ಅಂತ ಕಾಲೇಜು ಲ್ಯಾಬಿನಲ್ಲಿ ಕೂತವರಿಗೇ ಗೊತ್ತು.) ಸುಮ್ನೆ ಟರ್ಮಿನಲ್ ತೆರೆದು 100ರ ಫ್ಯಾಕ್ಟೋರಿಯಲ್ ಕೇಳಿದೆ. 158 ಅಂಕಿಗಳ ಸಂಖ್ಯೆ ಪರದೆ ತುಂಬ ಬಂದು ಬಿತ್ತು, ಒಂದು ಅಂಕಿಯೂ ತಪ್ಪಿಲ್ಲದೆ. ಮನಸ್ಸು ಅಲ್ಲೇ ವಾಲಿತು. ಜಾವಾ ಭಾಷೆಯಲ್ಲೂ ಇಂಥ ದೊಡ್ಡ ಸಂಖ್ಯೆಗಳಿಗೆ ಬಿಗ್‌ಇಂಟಿಜರ್ ಇದೆ, ಆದರೆ ಗುಣಿಸಬೇಕಾದರೆ ನಕ್ಷತ್ರದ ಚಿಹ್ನೆ ಹಾಕುವಂತಿಲ್ಲ, ಮಲ್ಟಿಪ್ಲೈ ಅಂತ ಮೆಥಡ್ ಕರೆಯಬೇಕು.

ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ಕ್ಲಾಸಿನಲ್ಲಿ ಜಾಸ್ತಿ ಜನ ಜಾವಾಕ್ಕೆ ಹೊರಳಿದರು, ನಾನೂ ಹೊರಳಿದೆ. ಕೋಡಿಂಗ್ ಸ್ಪರ್ಧೆಯ ಹುಚ್ಚಿದ್ದವರು ಸಿ++ ಬಿಡಲಿಲ್ಲ, ಅಲ್ಲಿ ಪ್ರೋಗ್ರಾಂ ಇಷ್ಟು ಸಮಯದೊಳಗೆ ಓಡಿ ಮುಗಿಯಬೇಕು ಅನ್ನೋ ಟೈಮ್ ಲಿಮಿಟ್‌ನದೇ ಚಿಂತೆ.

ಕೋಡ್ ಬರೆಯುವ ಎಡಿಟರ್ ಕಥೆಯೂ ಇಷ್ಟೇ. ಜೆಟ್‌ಬ್ರೇನ್ಸ್‌ನವರು ವಿದ್ಯಾರ್ಥಿಗಳಿಗೆ ಲೈಸೆನ್ಸ್ ಪುಕ್ಕಟೆ ಕೊಡುತ್ತಾರೆ, ಕಾಲೇಜು ಇಮೇಲ್ ಇದ್ದರೆ ಸಾಕು. ಅವರ ಇಂಟೆಲಿಜೆ ಅನ್ನೋ ಎಡಿಟರ್ ಕೈಗೆ ಹತ್ತಿದ್ದು ಹಾಗೆ. ಓದು ಮುಗಿದು ಲೈಸೆನ್ಸ್ ಹೋದ ಮೇಲೆ ವಿಎಸ್ ಕೋಡ್ ಅನ್ನೋ ಇನ್ನೊಂದು ಎಡಿಟರ್‌ಗೆ ಬಂದೆ, ಅದಕ್ಕೆ ದುಡ್ಡಿಲ್ಲ. ಈಗ ಲೈಸೆನ್ಸ್ ದುಡ್ಡು ಆಫೀಸಿನವರೇ ಕಟ್ಟುತ್ತಾರೆ, ಮತ್ತೆ ಇಂಟೆಲಿಜೆಗೇ ಹೋಗಿದ್ದೇನೆ. ಯಾಕೆ ಅಂತ ಕೇಳಿದರೆ ರಿಫ್ಯಾಕ್ಟರಿಂಗ್ (ಕೆಲಸ ಬದಲಾಗದಂತೆ ಕೋಡನ್ನು ಒಪ್ಪ ಮಾಡುವುದು) ಚೆನ್ನಾಗಿದೆ ಅಂತ ಹೇಳುತ್ತೇನೆ.